ಒಂದು ಬೀಡಿ ಹೊತ್ತು

ಬೆಟಗೇರಿ
ತಾ. ೨೧ ಫೆಬ್ರವರಿ ೧೯೯೯

ಮಗಳು ಅಮೃತಾಗೆ ಅವ್ವನ ತುಂಬು ಮನಸ್ಸಿನ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಒಂದು ಸಾಲು ಬರೆದು ಕವರು ಅಂಟಿಸಬಹುದಿತ್ತು. ಆದರೆ ನೀನು ಕೇಳಿದ್ದು ನಮ್ಮ ಕ್ಷೇಮವನ್ನಲ್ಲ. "ಅಪ್ಪ ಖರೇನ ಬೀಡಿ ಬಿಟ್ಟಾರೋ ಇಲ್ಲೋ? ಹೂಂ ಅನ್ನು, ಇಲ್ಲಾ ಉಹೂಂ ಅನ್ನು" ಎಂದು ಕೇಳಿದ್ದೀ. ಉಹೂಂ ಎಂದರೆ ಹೆರಿಗೆಗೆ ತವರಿಗೆ ಬರುವುದಿಲ್ಲ, ಮುಂಡರಗಿಯಲ್ಲೇ ಅತ್ತೆಯ ಕೈಯಲ್ಲಿ ಬಾಣಂತನ ಮಾಡಿಸಿಕೊಳ್ಳುತ್ತೇನೆ ಎಂದೂ ಬರೆದಿದ್ದೀ. ಅಂಗಡಿಗೆ ಹೋಗಿ ಫೋನು ಮಾಡೋಣವೆಂದರೆ ಅಲ್ಲಿ ಮಾತಾಡುವ ಬಾಯಿ ಒಂದು, ಕೇಳುವ ಕಿವಿ ಹತ್ತು. ಅದಕ್ಕೇ ಬರೆಯಲು ಕೂತೆ.

ನಿನ್ನ ಸಿಟ್ಟು ತಪ್ಪು ಎಂದು ನಾನು ಹೇಳುವುದಿಲ್ಲ. ದೀಪಾವಳಿಗೆ ಬಂದಾಗ ನಿಮ್ಮಪ್ಪ ಪಡಸಾಲೆಯಲ್ಲಿ ಕೂತು ಒಂದರ ಹಿಂದೊಂದು ಬೀಡಿ ಸೇದಿದ್ದು, ನಿನ್ನ ಮಗಳು ಸ್ನೇಹಾಗೆ ದಮ್ಮು ಹತ್ತಿದ್ದು, ಆ ಸಣ್ಣ ಎದೆ ತಿದಿಯಂತೆ ಏರಿಳಿದದ್ದು, ಮಗುವನ್ನು ಎತ್ತಿಕೊಂಡು ನಾವೆಲ್ಲ ಗದಗಿನ ದವಾಖಾನೆಗೆ ಓಡಿದ್ದು, ಯಾವುದನ್ನು ಮರೆಯಲಿ? ನೀನು ಅಪ್ಪನಿಗೆ ಒಂದು ಮಾತೂ ಅನ್ನಲಿಲ್ಲ. ಸುಮ್ಮನೆ ಬ್ಯಾಗು ಎತ್ತಿಕೊಂಡು ಮುಂಡರಗಿ ಬಸ್ಸು ಹತ್ತಿದೆ. ನೀನು ಬೈದಿದ್ದರೆ ಅವರು ಸಮಾಧಾನವಾಗಿ ಇನ್ನೊಂದು ಬೀಡಿ ಹಚ್ಚುತ್ತಿದ್ದರೇನೋ. ಬೈಯಲಿಲ್ಲವಲ್ಲ, ಅದೇ ಅವರಿಗೆ ನಾಟಿತು. ಬಸ್ಸು ಹೋದ ಮೇಲೆ ಮನೆಗೆ ಬಂದವರೇ ಬೀಡಿಯ ಕಟ್ಟನ್ನು ನೂಲಿಗೆ ಬಣ್ಣ ಹಾಕುವ ಹಂಡೆಯ ಕೆಳಗಿನ ಉರಿಗೆ ಹಾಕಿದರು.

ಈಗ ಗೋಡೆಯಾಚೆಯ ಹನಮವ್ವ ಮಗಳ ಮನೆಗೆಂದು ಮುಂಡರಗಿಗೆ ಬಂದವಳು ನಿನ್ನನ್ನೂ ಮಾತಾಡಿಸಿ, ನಮ್ಮ ಹಿತ್ತಲಲ್ಲಿ ಬೀಡಿಯ ವಾಸನೆ ಬಂತು, ಕಣ್ಣಾರೆ ಕಂಡೆ ಎಂದಳಂತೆ. ಆ ಮಾತಿಗೆ ಉತ್ತರ ಬರೆಯಬೇಡ ಎಂದು ನಿಮ್ಮಪ್ಪ ನನಗೆ ಕಟ್ಟಪ್ಪಣೆ ಮಾಡಿದ್ದಾರೆ. ಹಾಗಾಗಿ ಅದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಬರೆಯುತ್ತೇನೆ.

ಬೀಡಿ ಬಿಟ್ಟ ಮನುಷ್ಯನ ಕೈಯನ್ನು ನೀನು ನೋಡಿಲ್ಲ. ನಾನು ಬೇರೆ ಕೆಲಸವೇ ಇಲ್ಲದವಳಂತೆ ನೋಡಿದ್ದೇನೆ. ಉಂಡು ಎದ್ದ ಕೂಡಲೇ ಅದು ತಾನಾಗಿ ಅಂಗಿಯ ಜೇಬಿಗೆ ಹೋಗುತ್ತದೆ. ಅಲ್ಲಿ ಏನೂ ಸಿಗದೆ ಗದ್ದ ಕೆರೆಯುತ್ತದೆ. ಚಹಾ ಕುಡಿದರೆ ಹೋಗುತ್ತದೆ, ದೂರದಲ್ಲಿ ಬಸ್ಸಿನ ಹಾರ್ನು ಕೇಳಿದರೆ ಹೋಗುತ್ತದೆ. ತಿಂಗಳುಗಳೇ ಕಳೆದರೂ ಹೋಗುತ್ತದೆ. ನನಗೆ ಕುತೂಹಲ ತಡೆಯಲಾಗಲಿಲ್ಲ. ಸೇದಬೇಕೆಂಬ ತಲಬು ಬರುತ್ತದೆ ಎನ್ನುತ್ತಾರಲ್ಲ, ಎಲ್ಲಿ ಬರುತ್ತದೆ, ಗಂಟಲಲ್ಲೋ, ಹೊಟ್ಟೆಯಲ್ಲೋ, ತಲೆಯಲ್ಲೋ ಎಂದು ಕೇಳಿದೆ. "ನೀ ಏನ್ ಪೊಲೀಸ್ ಆಗಿಯೇನಲೇ? ಸುಮ್ಮ ಕುಂಡ್ರು" ಎಂದು ಸಿಡುಕಿದರು.

ಆಮೇಲೊಂದು ದಿನ ಕೇಳದೆಯೇ ಹೇಳಿದರು. "ತಲಬು ಅಂದ್ರ ಬೀಗರಿದ್ದಂಗ, ಕಸ್ತೂರಿ. ಹೇಳದ ಕೇಳದ ಬರತಾರ. ನೀರು ಕೊಟ್ಟು ಕಳಿಸಿದ್ರ ಹೋಗತಾರ. ಊಟಕ್ಕ ಏಳ್ರಿ ಅಂದ್ರ ಮುಗೀತು, ಇಲ್ಲೇ ಠಿಕಾಣಿ." ನಾನು ಬಿದ್ದು ಬಿದ್ದು ನಕ್ಕೆ. ಅಂದಿನಿಂದ ಅವರ ಮುಖ ಸಣ್ಣದಾಯಿತು ಎಂದರೆ ತಂಬಿಗೆ ನೀರು ಮುಂದಿಟ್ಟು, ಬೀಗರು ಬಂದರೇನು ಎಂದು ಕೇಳುತ್ತೇನೆ. "ಬಂದಾರ, ಹೊಂಟಾರ" ಎನ್ನುತ್ತಾ ಗಟಗಟ ಕುಡಿಯುತ್ತಾರೆ. ಒಮ್ಮೊಮ್ಮೆ ತಂಬಿಗೆ ಖಾಲಿಯಾದರೂ ಬೀಗರು ಹೊಸ್ತಿಲು ದಾಟುವುದಿಲ್ಲ. ಆಗ ಇನ್ನೊಂದು ತಂಬಿಗೆ ತುಂಬಿ ತರುತ್ತೇನೆ.

ಇಷ್ಟೇ ಆಗಿದ್ದರೆ ನೀರಿನಲ್ಲೇ ದಾಟಿಬಿಡುತ್ತಿದ್ದೆವು. ಆದರೆ ಬಣ್ಣ ಕೆಟ್ಟಿತು.

ಓಣಿಯ ತುದಿಯ ಮಗ್ಗದ ಮೌಲಾಸಾಬ ಕಾಕಾ ನಿನಗೆ ಗೊತ್ತಲ್ಲ, ನೀನು ಹುಟ್ಟುವ ಮೊದಲಿನಿಂದ ಸೀರೆಯ ನೂಲಿಗೆ ನಮ್ಮಲ್ಲೇ ಬಣ್ಣ ಹಾಕಿಸಿದವನು. ಒಂದು ದಿನ ಒಣಗಿದ ನೂಲಿನ ಲಡಿಗಳನ್ನು ಹೆಗಲ ಮೇಲೆ ಹೊತ್ತು ಬಂದು ನಿಂತ. "ಹುಚ್ಚೀರಪ್ಪಣ್ಣ, ಸೆರಗಿಗೆ ಕೆಂಪು ಕೇಳಿದ್ರ ಗಜ್ಜರಿ ಬಣ್ಣ ಕೊಟ್ಟೀಯಲ್ಲೋ!" ಎಂದ. ನಿಮ್ಮಪ್ಪ ತೆಪ್ಪಗೆ ಇಸಿದುಕೊಂಡು ಮತ್ತೆ ಹಾಕಿದರು. ಮುಂದಿನ ಸಲ ಅವನು ಬಾಗಿಲಲ್ಲೇ ಕೂಗಿದ: "ಗಜ್ಜರಿ ಹೋಗಿ ಬದನಿಕಾಯಿ ಬಂತು! ಇದು ಬಣ್ಣದ ಮನಿನೋ, ಕಾಯಿಪಲ್ಲೆ ಅಂಗಡಿನೋ?" ನಾನು ನಗಬೇಕೆಂದು ತಿರುಗಿದೆ. ನಿಮ್ಮಪ್ಪ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಹುಚ್ಚೀರಪ್ಪನ ಕೆಂಪು ಎಂದರೆ ಬೆಟಗೇರಿಯಲ್ಲಿ ಕಣ್ಣು ಮುಚ್ಚಿ ಒಯ್ಯುತ್ತಿದ್ದರು.

ಕೆದಕಿ ಕೆದಕಿ ಕೇಳಿದ ಮೇಲೆ ಬಾಯಿ ಬಿಟ್ಟರು. ಹಂಡೆಯಲ್ಲಿ ಲಡಿ ಇಳಿಸಿ ಬೀಡಿ ಹಚ್ಚುವುದು. ಅದು ಮುಗಿದಾಗ ಲಡಿ ತಿರುವಿ ಹಾಕಿ ಇನ್ನೊಂದು ಹಚ್ಚುವುದು. ಅದೂ ಮುಗಿದಾಗ ಎತ್ತುವುದು. ಅವರ ಅಪ್ಪ ಕಲಿಸಿದ ಲೆಕ್ಕವೇ ಅದು. ನೀನು ಸಣ್ಣವಳಿದ್ದಾಗ ಅಪ್ಪ ಯಾವಾಗ ಊಟಕ್ಕೆ ಬರುತ್ತಾರೆ ಎಂದು ಕೇಳಿದರೆ "ಇನ್ನೊಂದ್ ಬೀಡಿ ಹೊತ್ತು ತಡಿ" ಎನ್ನುತ್ತಿದ್ದೆನಲ್ಲ, ಅದು ಹೇಳುವ ಮಾತು ಎಂದುಕೊಂಡಿದ್ದೆ. ಅದೇ ಈ ಮನುಷ್ಯನ ಗಡಿಯಾರ ಎಂದು ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಗೊತ್ತೇ ಇರಲಿಲ್ಲ! ಬೀಡಿಯ ಜೊತೆಗೆ ಹೊತ್ತನ್ನೂ ಉರಿಗೆ ಹಾಕಿಬಿಟ್ಟಿದ್ದರು.

ನಿನ್ನ ಗಂಡ ಮದುವೆಯಲ್ಲಿ ಮಾವನಿಗೆ ಕೊಟ್ಟ ಕೈಗಡಿಯಾರವನ್ನು ಟ್ರಂಕಿನಿಂದ ತೆಗೆದುಕೊಟ್ಟೆ. ಹಂಡೆಯ ಉಗಿಗೆ ಗಾಜು ಮಂಜಾಯಿತು. "ಮುಳ್ಳು ನೋಡಿದ್ರ ನೂಲು ಕಾಣಂಗಿಲ್ಲ, ನೂಲು ನೋಡಿದ್ರ ಮುಳ್ಳು ಕಾಣಂಗಿಲ್ಲ" ಎಂದು ಗೂಟಕ್ಕೆ ತೂಗುಹಾಕಿದರು. ಕಷ್ಟ ಅದೊಂದೇ ಅಲ್ಲ. ಲಡಿ ನೀರಿಗೆ ಇಳಿದ ಕೂಡಲೇ ಬೀಗರು ಹಿಂಡುಗಟ್ಟಿಕೊಂಡು ಬರುತ್ತಿದ್ದರಂತೆ. ಕೆಲಸ ಬಿಟ್ಟರೆ ಹೊಟ್ಟೆಗೇನು? ಕೆಲಸ ಮಾಡಿದರೆ ತಲಬು. ನನಗೆ ನಿಜವಾಗಿ ಹೆದರಿಕೆ ಹುಟ್ಟಿದ್ದು ಆಗ.

ಹೆದರಿದಂತೆಯೇ ಆಯಿತು ಎಂದುಕೊಂಡೆ. ಒಂದು ಮಧ್ಯಾಹ್ನ ಹಿತ್ತಲಿನ ಬಣ್ಣದ ಶೆಡ್ಡಿನ ಬಾಗಿಲು ಒಳಗಿನಿಂದ ಹಾಕಿತ್ತು. ತಗಡಿನ ಸಂದಿಯಿಂದ ಸಣ್ಣ ಎಳೆ ಹೊಗೆ. ಇಣುಕಿದೆ. ನಿಮ್ಮಪ್ಪ ಬೆನ್ನು ಹಾಕಿ ಕೂತಿದ್ದಾರೆ, ಮುಂದೆ ಏನೋ ಕೆಂಪಗೆ ಉರಿಯುತ್ತಿದೆ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಚೀರಿ ಬಾಗಿಲಿಗೆ ಒದ್ದೆ. ಚಿಲಕ ಕಿತ್ತು ಬಂತು. ನೋಡಿದರೆ ಅರ್ಧ ಬಾಳೆಹಣ್ಣಿಗೆ ಚುಚ್ಚಿದ ಊದಿನಕಡ್ಡಿ! ಬೀಡಿಯ ಹೊತ್ತಿಗೆ ಸರಿಯಾಗಿ ಮುರಿದು ಇಟ್ಟಿದ್ದರು. ನನ್ನ ಮೇಲೆ ಸಿಟ್ಟಾಗಲಿಲ್ಲ. "ಬೀಡಿ ಸೇದಲಿಲ್ಲಂದ್ರ ತಾನ ಆರತೈತಿ. ಇದು ಹಂಗಲ್ಲ, ಯಾರೂ ಸೇದದ ಉರೀತೈತಿ. ಅದಕ್ಕ ಇದು ನಡದೀತು ಅನಕೊಂಡ್ನಿ" ಎಂದರು.

ನನಗೆ ನಾಚಿಕೆಯಾಯಿತು. ಆದರೆ ಅದನ್ನು ಬಾಯಿಬಿಟ್ಟು ಹೇಳುವುದು ನನ್ನ ಜಾತಕದಲ್ಲಿಲ್ಲ, ನಿನಗೇ ಗೊತ್ತು. ಮೊಮ್ಮಗಳು ಬಂದರೆ ಅಜ್ಜನ ಬೆನ್ನು ಹತ್ತಿ ಈ ಶೆಡ್ಡಿಗೂ ಬರುತ್ತಾಳೆ, ಅವಳ ಎದೆಗೆ ಬೀಡಿಯ ಹೊಗೆಯೇನು, ಊದಿನಕಡ್ಡಿಯ ಹೊಗೆಯೇನು ಎಂದೆ. ಅವರು ಕಡ್ಡಿ ಕಿತ್ತು ನೀರಿಗೆ ಅದ್ದಿದರು. ಆ ಲಡಿ ಮತ್ತೆ ಗಜ್ಜರಿಯೇ ಆಯಿತು.

ಇದಕ್ಕೆ ದಾರಿ ಸಿಕ್ಕಿದ್ದು ನನ್ನ ಬುದ್ಧಿಯಿಂದಲ್ಲ, ಕೈಯಿಂದ. ಮರುದಿನ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟು ಮುಗಿಯಿತೆಂದು ಕೈ ನಿಲ್ಲಿಸಿದೆನೋ ಇಲ್ಲವೋ, ಶೆಡ್ಡಿನಿಂದ ಕೂಗು ಬಂತು. "ಕಸ್ತೂರೀ! ನಿಲ್ಲಸಬ್ಯಾಡ, ಬಡಿ! ಇನ್ನೊಂದು ಬಡಿ!" ಬಿಸಿಲಿಗೆ ತಲೆ ತಿರುಗಿತೇನೋ ಎಂದುಕೊಂಡು, ಹಿಟ್ಟಿಲ್ಲದಿದ್ದರೂ ಬರೀ ಕೊಣಮಿಗೆಯ ಮರವನ್ನೇ ಪಟಪಟ ಬಡಿದೆ. ಸ್ವಲ್ಪ ಹೊತ್ತಿಗೆ ಲಡಿ ಹಿಡಿದು ಓಡಿ ಬಂದರು. ಕೈಯಿಂದ ಕೆಂಪು ನೀರು ತೊಟ್ಟಿಕ್ಕುತ್ತಿತ್ತು. ಕೆಂಪು ಎಂದರೆ ಕೆಂಪು, ಅಮೃತಾ! ನನ್ನ ರೊಟ್ಟಿಯ ಸಪ್ಪಳಕ್ಕೆ ಲೆಕ್ಕ ಇಟ್ಟಿದ್ದರಂತೆ. ಒಂದು ಬೀಡಿಗೆ ಮೂರು ರೊಟ್ಟಿ. ಅವರ ಕಿವಿಗೆ ನನ್ನ ಕೈ ಇಷ್ಟು ಗೊತ್ತಿತ್ತೇ ಎಂದು ನನಗೆ ಒಳಗೊಳಗೇ ಹಿಗ್ಗು.

ಈಗ ಅವರು ಹಂಡೆ ಕಾಯಿಸಿ ಕೂಗುತ್ತಾರೆ, ನಾನು ಒಲೆಯ ಮೇಲೆ ರೊಟ್ಟಿಯ ಹಂಚು ಇಡುತ್ತೇನೆ. ಇರುವವರು ಇಬ್ಬರು, ರೊಟ್ಟಿ ಬುಟ್ಟಿ ತುಂಬ. ಒಣಗಿಸಿ ಕಡಕ್ ಮಾಡಿ ಓಣಿಗೆಲ್ಲ ಹಂಚುತ್ತೇನೆ. ಮೌಲಾಸಾಬನ ಹೆಂಡತಿ ಅಲ್ಮಾಸಬಿ, "ಅಕ್ಕಾ, ನಿಮ್ಮ ನೂಲಿಗೆ ಬಣ್ಣ ಬಂದ್ರ ನಮ್ಮನಿಗೆ ರೊಟ್ಟಿ ಬರತಾವ. ದಿನಾ ಬಣ್ಣ ಹಾಕ್ರಿ" ಎನ್ನುತ್ತಾಳೆ.

ಇನ್ನು ನೀನು ಕೇಳಿದ್ದಕ್ಕೆ ಉತ್ತರ. ತಲಬು ಹೋಗಿದೆಯೇ ಎಂದು ಕೇಳಿದ್ದರೆ ಉಹೂಂ ಎನ್ನುತ್ತಿದ್ದೆ. ಹೋಗಿಲ್ಲ. ನಿನ್ನೆ ಸಂಜೆಯೂ ತಂಬಿಗೆ ತುಂಬಿಸಿ ಇಟ್ಟಿದ್ದೇನೆ. ಇನ್ನೆಷ್ಟು ಕಾಲ ಬರುತ್ತದೋ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆದರೆ ನೀನು ಕೇಳಿದ್ದು ಬೀಡಿಯನ್ನು. ಅದಕ್ಕೆ ಉತ್ತರ ಹೂಂ. ಬಿಟ್ಟಿದ್ದಾರೆ. ಇಷ್ಟು ಖಾತ್ರಿ ಹೇಗೆ ಎಂದು ಮಾತ್ರ ಕೇಳಬೇಡ.

ಹಿತ್ತಲ ಕಡೆಯ ಕೋಣೆಗೆ ಸುಣ್ಣ ಹೊಡೆಸಿದ್ದೇವೆ. ಶೆಡ್ಡಿನ ಒಲೆಗೆ ನಿಮ್ಮಪ್ಪ ಮಾಳಿಗೆಗಿಂತ ಎತ್ತರದ ಕೊಳವೆ ಕೂರಿಸಿದ್ದಾರೆ. ಕೌದಿಗಳನ್ನು ಬಿಸಿಲಿಗೆ ಹಾಕಿದ್ದೇನೆ. ಬಾಣಂತಿಗೆ ಕೊಡುವ ಅಂಟಿನುಂಡಿಗೆ ಅಂಟು, ಕೊಬ್ಬರಿ, ಉತ್ತತ್ತಿ ತಂದಿಟ್ಟಾಗಿದೆ. ಬಾರವ್ವ. ಮಗಳ ಬಾಣಂತನ ಮಾಡಬೇಕೆಂದು ನನಗೆ ಬಹಳ ಆಸೆಯಿದೆ. ನಿನ್ನ ಅತ್ತೆಯವರಿಗೆ ನಮಸ್ಕಾರ, ಅಳಿಯಂದಿರಿಗೆ ಆಶೀರ್ವಾದ, ಸ್ನೇಹಾಳ ಎರಡೂ ಗಲ್ಲಕ್ಕೆ ನನ್ನ ಮುತ್ತು.

ದಾರಿ ನೋಡುತ್ತಿರುವ ನಿನ್ನ ಅವ್ವ,
ಕಸ್ತೂರೆವ್ವ

ತಾ.ಕ.: ಕವರು ಅಂಟಿಸಲು ಹೋಗಿ ಮತ್ತೆ ಬಿಚ್ಚಿದೆ. ನಿಮ್ಮಪ್ಪ ಮೌಲಾಸಾಬನ ಮಗ್ಗಕ್ಕೆ ಹೋಗಿದ್ದಾರೆ, ಅವರ ಅಪ್ಪಣೆ ಅವರ ಹತ್ತಿರವೇ ಇರಲಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹನಮವ್ವನ ಮಾತು ನಿನ್ನ ಪತ್ರದಲ್ಲಿ ಓದಿದಾಗ ಹೆಗಲು ಮುಟ್ಟಿಕೊಂಡವಳು ನಾನು.

ಅವರ ಹಳೆಯ ಕೋಟು ಒಗೆಯಲು ತೆಗೆದಾಗ ಜೇಬಿನ ಮೂಲೆಯಲ್ಲಿ ಒಂದು ಬೀಡಿ ಸಿಕ್ಕಿತು. ಎಸೆಯಬೇಕಿತ್ತು. ಆದರೆ ಇಷ್ಟು ವರ್ಷ ಈ ಮನುಷ್ಯನನ್ನು ಎಳೆದಾಡಿಸಿದ್ದು, ಬಿಟ್ಟ ಮೇಲೂ ಬಿಡದೆ ಕಾಡುವುದು, ಇದರೊಳಗೆ ಅಂಥದ್ದೇನಿದೆ ಎಂದು ನೋಡಿಯೇಬಿಡೋಣ ಅನ್ನಿಸಿತು. ಶೆಡ್ಡಿನ ಹಿಂದೆ ಹೋಗಿ ಕಡ್ಡಿ ಗೀರಿ ಹಚ್ಚಿದೆ. ಎರಡು ದಮ್ಮು ಎಳೆದೆ. ಏನೂ ಇಲ್ಲ ಅದರಲ್ಲಿ! ಬರೀ ಕಹಿ, ಕೆಮ್ಮು, ಕಣ್ಣಲ್ಲಿ ನೀರು. ಕೆಮ್ಮು ಕೇಳಿ ನಿಮ್ಮಪ್ಪ ಬಂದರು. ನನ್ನನ್ನು ನೋಡಿ ಹೊಟ್ಟೆ ಹಿಡಿದು ನಕ್ಕರು. ನಗುತ್ತಲೇ ನನ್ನ ಕೈಯಿಂದ ಬೀಡಿ ಇಸಿದುಕೊಂಡರು. ಅಷ್ಟರಲ್ಲಿ ವಾಸನೆ ಅವರ ಮೂಗಿಗೆ ಹೋಯಿತು, ನಗು ನಿಂತಿತು. ಬೀಡಿ ಎರಡು ಬೆರಳ ನಡುವೆ ತನ್ನ ಹಳೆಯ ಜಾಗದಲ್ಲಿ ಕೂತುಬಿಟ್ಟಿತ್ತು. ನಾನು ಕೂತಲ್ಲಿಂದಲೇ ಆ ಬೆರಳುಗಳನ್ನೇ ನೋಡುತ್ತಿದ್ದೆ.

ಅದೇ ಹೊತ್ತಿಗೆ ಗೋಡೆಯ ಮೇಲೆ ಹನಮವ್ವನ ತಲೆ ಕಂಡಿತು. ನಾನು ಮೂಲೆಯಲ್ಲಿ ಕುಕ್ಕರಿಸಿದ್ದೆ, ಅವಳಿಗೆ ಕಾಣಲಿಲ್ಲ. "ಯಾರ್ರೀ ಅದು, ಬೀಡಿ ಸೇದಾಕತ್ತಾರ?" ಎಂದಳು. ಈ ಮಾತು ಮುಂಡರಗಿಯವರೆಗೂ ಹೋಗುತ್ತದೆ, ನೀನು ಬರದೆ ಹೋಗಬಹುದು ಎಂದು ಅವರಿಗೆ ಗೊತ್ತಿಲ್ಲದೆ ಇಲ್ಲ. ಆದರೂ "ನಾನ, ಹನಮವ್ವಾ" ಎಂದರು. ಅವಳು ಗೋಡೆಯ ಮೇಲೆ ಕೈಯೂರಿ, ಮಗಳೇನು, ಮೊಮ್ಮಗಳೇನು, ಈ ವಯಸ್ಸಿಗೆ ನಾಚಿಕೆ ಬೇಡವೇ ಎಂದು ಉದ್ದಕ್ಕೂ ಬುದ್ಧಿ ಹೇಳಿದಳು. ಅವರು ತಲೆ ತಗ್ಗಿಸಿ ಹೂಂ ಹೂಂ ಎನ್ನುತ್ತಾ ನಿಂತಿದ್ದರು. ಅವಳು ಮಾತು ಮುಗಿಸಿ ಇಳಿಯುವಷ್ಟರಲ್ಲಿ ಬೀಡಿ ಅವರ ಬೆರಳಲ್ಲೇ ಆರಿಹೋಗಿತ್ತು.

ಆರಿದ ಬೀಡಿಯನ್ನು ನನ್ನ ಕೈಗೆ ಕೊಟ್ಟು, "ಏಳಲೇ, ಹಂಚು ಇಡು. ಹಂಡೆ ಕಾದೈತಿ" ಎಂದರು.