ಆಚೆ ದಡದ ಗಂಟೆ

ಬೆಟ್ಟದ ರಾಷ್ಟ್ರೀಯ ಉದ್ಯಾನದ ಕೆಳಗೇಟಿನ ಕ್ಯಾಂಟೀನು,
ಹತ್ತನೇ ತಾರೀಕು, ಶನಿವಾರ, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯಾ? ಕೈ ಹೇಗಿದೆ? ಚಳಿ ಹಿಡಿದರೆ ಇರುವ ಬೆರಳುಗಳಿಗಿಂತ ಇಲ್ಲದ ಎರಡೇ ಹೆಚ್ಚು ನೋಯುತ್ತವೆ ಎಂದು ಹೋದ ವರ್ಷ ನೀನು ಹೇಳಿದ್ದೆ. ನಿನ್ನ ಹೆಂಡತಿ ಹೆಣೆದುಕೊಟ್ಟ ಉಣ್ಣೆಯ ಕೈಗವಸು ಹಾಕಿಕೊಳ್ಳುತ್ತಿದ್ದೀಯೋ, ಇಲ್ಲಾ ಸವೆದೀತು ಎಂದು ಬೀರುವಿನಲ್ಲಿಟ್ಟು ಕಾಯುತ್ತಿದ್ದೀಯೋ? ಅವಳ ಕೆಮ್ಮು ಇಳಿಯಿತೇ? ಪುಟ್ಟಿಯ ಮುಂದಿನ ಹಲ್ಲು ಬಂತೇ? ನನ್ನ ಆರೋಗ್ಯದ ವಿಷಯ ಕೇಳಿದರೆ, ಬೆಟ್ಟದ ಮೇಲಿನ ಈ ಐದು ದಿನದಲ್ಲಿ ಐದು ವರ್ಷ ಚಿಕ್ಕವನಾಗಿದ್ದೇನೆ, ಮಂಡಿಗಳು ಮಾತ್ರ ಆ ಲೆಕ್ಕಕ್ಕೆ ಒಪ್ಪಿಲ್ಲ. ಮೆಟ್ಟಿಲು ಇಳಿಯುವಾಗ ಗ್ರೀಸು ಒಣಗಿದ ಬಾಗಿಲಿನ ಹಾಗೆ ಕಿರುಗುಟ್ಟುತ್ತವೆ. ನಿನ್ನ ಬೂಟು ಮಾತ್ರ ಬಹಳ ಒಳ್ಳೆಯದು. ಎರಡು ಜೊತೆ ಕಾಲುಚೀಲ ಹಾಕಿದರೆ ಸರಿಯಾಗುತ್ತೆ ಎಂದು ನೀನು ಹೇಳಿದ್ದು ನಿಜವೇ ಆಯಿತು.

ಫೋನು ಬಿಟ್ಟು ಕಾಗದ ಯಾಕೆ ಎಂದು ಹುಬ್ಬೇರಿಸಬೇಡ. ನಾನು ಇಲ್ಲಿಂದ ನೇರವಾಗಿ ಬಂದರಿನ ಊರಿಗೆ ಹೋಗುತ್ತಿದ್ದೇನೆ, ಆಸ್ಪತ್ರೆಯ ಹೊಸ ಕಟ್ಟಡಕ್ಕೆ ಕೂರಿಸಿರುವ ಮೂರು ಲಿಫ್ಟು ಪರೀಕ್ಷಿಸುವ ಕೆಲಸ, ಒಂದು ವಾರ ಹಿಡಿಯುತ್ತದೆ. ನಾನು ಊರಿಗೆ ಬರುವ ಮೊದಲು ಇದು ನಿನ್ನ ಕೈ ಸೇರಬೇಕು. ಫೋನಿನಲ್ಲಾದರೆ ನನ್ನ ದನಿ ಸ್ವಲ್ಪ ಗಂಭೀರವಾದ ಕೂಡಲೇ ನೀನು ‘ಆಮೇಲೆ ಮಾತಾಡೋಣ ಕಣಣ್ಣ’ ಅನ್ನುತ್ತೀ, ನಾನೂ ಬದುಕಿದೆಯಾ ಬಡಜೀವವೇ ಎಂದು ಇಟ್ಟುಬಿಡುತ್ತೇನೆ. ನಾಲ್ಕು ವರ್ಷದಿಂದ ಇದೇ ಆಗಿದೆ. ಅಂದು ಆಸ್ಪತ್ರೆಯಲ್ಲಿ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಮಲಗಿದ್ದ ನೀನು ನನ್ನನ್ನು ಒಂದು ಪ್ರಶ್ನೆ ಕೇಳಿದೆ. ನಾನು ಗೋಡೆಯ ಕಡೆ ನೋಡಿಕೊಂಡು ಉತ್ತರ ಕೊಟ್ಟೆ. ಆ ಉತ್ತರದ ವಿಷಯ ನಿನ್ನ ಹತ್ತಿರ ಮಾತಾಡಬೇಕು ಎಂದೇ ಇಬ್ಬರಿಗೂ ಈ ಪ್ರವಾಸ ಗೊತ್ತುಮಾಡಿದ್ದೆ. ನೀನು ಕೊನೇ ಗಳಿಗೆಯಲ್ಲಿ ಜಾರಿಕೊಂಡೆ. ‘ನಾನು ಬಂದ್ರೆ ಏನಾದ್ರೂ ಮರೆತು ಎಡವಟ್ಟು ಮಾಡ್ತೀನಿ, ನೀನು ಆರಾಮಾಗಿ ಹೋಗ್ಬಾ’ ಎಂದು ಹೇಳಿ, ನನ್ನ ಚೀಲ ನೀನೇ ತುಂಬಿಕೊಟ್ಟೆ. ಆ ಚೀಲ ಹೊತ್ತುಕೊಂಡು ಬಸ್ಸು ಹತ್ತುವಾಗ ನನಗೆ ಎಷ್ಟು ಅಳು ಬಂತೆಂದು ನಿನಗೆ ಗೊತ್ತಿಲ್ಲ.

ನಾವಿಬ್ಬರೂ ಹೇಗೆ ಕೆಲಸ ಮಾಡುತ್ತಿದ್ದೆವು ನೆನಪಿದೆಯಲ್ಲ. ನಾನು ಲಿಫ್ಟಿನ ತಲೆಯ ಮೇಲೆ, ಅದನ್ನು ಇಳಿಸುವ ಬಟನ್ ಪೆಟ್ಟಿಗೆ ಹಿಡಿದು ಕೂರುವುದು, ನೀನು ಕೆಳಗೆ ಗುಂಡಿಯಲ್ಲಿ ಹಳಿ ಒರೆಸಿ ಎಣ್ಣೆ ಹಚ್ಚುವುದು. ನಾನು ‘ಬಿಡ್ಲಾ?’ ಅನ್ನಬೇಕು, ನೀನು ಹೊರಗೆ ಬಂದು ‘ಬಿಡು’ ಅನ್ನಬೇಕು. ಆ ಒಂದು ಮಾತು ಬರದೆ ನಾನು ಬಟನ್ ಮುಟ್ಟುವ ಹಾಗಿಲ್ಲ. ಹದಿನೇಳು ವರ್ಷ ಹೀಗೇ ನಡೆಯಿತು. ನೀನೋ ಆಮೆರಾಯ, ಒರೆಸಿದ್ದನ್ನೇ ಮತ್ತೆ ಒರೆಸುವವನು. ನಾನೋ ಮೇಲೆ ಕೂತು ಚಡಪಡಿಸುವವನು. ಲಿಫ್ಟು ಇಳಿದು ಹಳಿಯ ಮೇಲಿದ್ದ ನಿನ್ನ ಕೈ ಸಿಕ್ಕಿಕೊಂಡ ಆ ಅವಘಡ ಆದಮೇಲೆ ನಿನಗೆ ಆ ಹೊತ್ತಿನದ್ದೇನೂ ನೆನಪಿರಲಿಲ್ಲ. ‘ಅಣ್ಣಾ, ನಾನು ಬಿಡು ಅಂದ್ನಾ?’ ಎಂದು ಕೇಳಿದೆ. ನಾನು ‘ಅಂದೆ ಕಣಪ್ಪಾ’ ಎಂದೆ. ವರದಿಯಲ್ಲೂ ಅದನ್ನೇ ಬರೆದುಕೊಟ್ಟೆ. ಕಂಪನಿಯವರು ನಿನ್ನನ್ನು ಇನ್ನು ಸೈಟಿಗೆ ಬಿಡಬಾರದು ಎಂದು ಸ್ಟೋರಿನಲ್ಲಿ ಕೂರಿಸಿದರು, ನನ್ನನ್ನು ಸೂಪರ್‌ವೈಸರ್ ಮಾಡಿದರು. ನಿನ್ನ ಹೆಂಡತಿ ನಾನು ಹೊರಡುವ ಮುಂಚೆ ಹೇಳಿದಳು, ನೀನು ಮನೆಗೆ ಬೀಗ ಹಾಕಿ ಬೀದಿಯ ತುದಿಯಿಂದ ಮೂರು ಸಲ ವಾಪಸು ಬರುತ್ತೀಯಂತೆ, ಪುಟ್ಟಿಯನ್ನು ಶಾಲೆಗೆ ಬಿಟ್ಟು ಬಂದಮೇಲೂ ಬಿಟ್ಟೆನೋ ಇಲ್ಲವೋ ಎಂದು ಅವಳನ್ನು ಕೇಳುತ್ತೀಯಂತೆ. ಅವಳು ನಗುತ್ತಲೇ ಹೇಳಿದಳು. ನನಗೆ ಊಟ ಸೇರಲಿಲ್ಲ.

ಇರಲಿ, ಇವತ್ತಿನ ಸಮಾಚಾರ ಹೇಳುತ್ತೇನೆ. ಐದು ದಿನದಿಂದ ಮೋಡದೊಳಗೆ ಮುಖ ಮುಚ್ಚಿಕೊಂಡಿದ್ದ ದೊಡ್ಡ ಶಿಖರ ಇವತ್ತು ಬೆಳಗ್ಗೆ ಹತ್ತೇ ಹತ್ತು ನಿಮಿಷ ಕಾಣಿಸಿತು. ಮೇಲಿನ ತಂಗುದಾಣದಲ್ಲಿ ನನ್ನ ಪಕ್ಕದ ಹಾಸಿಗೆಯ ನಿವೃತ್ತ ಮೇಷ್ಟರೊಬ್ಬರು ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಹೊರಗೆ ಓಡಿಬಂದು ಕೈ ಮುಗಿದುಬಿಟ್ಟರು. ಐದು ದಿನವೂ ನನಗೆ ನಿದ್ದೆ ಮಾಡಲು ಬಿಡದೆ ಗೊರಕೆ ಹೊಡೆದವರು ಇವರೇ; ಅಷ್ಟೂ ಸಿಟ್ಟು ಅಲ್ಲೇ ಕರಗಿತು. ನೀನಿದ್ದಿದ್ದರೆ ಎಂದುಕೊಂಡೆ. ಅಷ್ಟರಲ್ಲಿ ಮತ್ತೆ ಮಂಜು ಕವಿಯಿತು. ಮಧ್ಯಾಹ್ನದ ಬಸ್ಸು ತಪ್ಪಿದರೆ ನಾಳೆಯವರೆಗೆ ಬೇರೆ ಬಸ್ಸಿಲ್ಲ ಎಂದು ನಾನು ತಿಂಡಿಯನ್ನು ಅರ್ಧಕ್ಕೇ ಬಿಟ್ಟು ದುಡುದುಡು ಇಳಿಯತೊಡಗಿದೆ.

ದಾರಿಯಲ್ಲಿ ಒಂದು ತೂಗುಸೇತುವೆ ಇದೆ. ಕೆಳಗೆ ಆಳವಾದ ಕಮರಿ, ನೀರಿನ ಸದ್ದು ಬರುತ್ತದೆ, ನೀರು ಕಾಣುವುದಿಲ್ಲ. ಹಲಗೆ ಎಷ್ಟು ಕಿರಿದೆಂದರೆ ಇಬ್ಬರು ಎದುರುಬದುರಾದರೆ ಒಬ್ಬರು ಹಿಂದಕ್ಕೆ ನಡೆಯಲೇಬೇಕು. ಅದಕ್ಕೇ ಎರಡು ದಡದಲ್ಲೂ ಒಂದೊಂದು ಗಂಟೆ ಕಟ್ಟಿದ್ದಾರೆ. ದಾಟುವವರು ಬಾರಿಸಿ ಸ್ವಲ್ಪ ಹೊತ್ತು ನಿಲ್ಲಬೇಕು. ಆಚೆಯಿಂದ ಗಂಟೆ ಕೇಳಿದರೆ ಅಲ್ಲಿಂದ ಯಾರೋ ಬರುತ್ತಿದ್ದಾರೆ ಎಂದರ್ಥ, ಅವರು ಬಂದಮೇಲೆ ಹೋಗಬೇಕು. ಎರಡೂ ಕಡೆ ಗಂಟೆಯಾದರೆ ಹತ್ತಿ ಬರುವವರಿಗೆ ಮೊದಲ ದಾರಿ, ಇಳಿಯುವವರು ನಿಲ್ಲಬೇಕು. ಹತ್ತುವಾಗ ಕಾವಲುಗಾರ ಇದನ್ನು ವಿವರಿಸಿದಾಗ ನಾನು ಅವನಿಗೇ ಸುರಕ್ಷತೆಯ ಪಾಠ ಹೇಳಿ ಬಂದಿದ್ದೆ, ಸೂಪರ್‌ವೈಸರ್ ಅಲ್ಲವೇ. ಇವತ್ತು ಗಂಟೆ ಬಾರಿಸಿದೆ, ಆಚೆಯಿಂದ ಗಂಟೆ ಕೇಳಿಸಿತು. ಮಂಜಿನೊಳಗಿಂದ, ಸ್ವಚ್ಛವಾಗಿ. ಮೊದಲು ಬಾರಿಸಿದವನು ನಾನು, ಅವರು ನಿಲ್ಲುತ್ತಾರೆ, ನನಗೆ ಬಸ್ಸಿದೆ ಎಂದುಕೊಂಡು ಕಾಲಿಟ್ಟೇಬಿಟ್ಟೆ.

ಸೇತುವೆಯ ನಡುವೆ ಮಂಜಿನಲ್ಲಿ ಒಬ್ಬ ಹೆಂಗಸು ಎದುರಾದಳು. ತಂಗುದಾಣಕ್ಕೆ ದಿನಾ ಮೊಟ್ಟೆ, ಬ್ರೆಡ್ಡು ಹೊತ್ತುಕೊಂಡು ಹೋಗುವವಳು, ನನ್ನ ವಯಸ್ಸಿನವಳೇ ಇರಬೇಕು. ನನ್ನನ್ನು ಕಂಡು ಬೆಚ್ಚಿ ನಿಂತಳು, ಸೇತುವೆ ಓಲಾಡಿತು, ಬೆನ್ನಿನ ಬುಟ್ಟಿ ಅವಳನ್ನು ಒಂದು ಪಕ್ಕಕ್ಕೆ ಎಳೆಯಿತು. ಅವಳು ಮಂಡಿಯೂರಿ ಎರಡೂ ಕೈಯಲ್ಲಿ ತಂತಿ ಹಿಡಿದು ಕಣ್ಣು ಮುಚ್ಚಿಕೊಂಡಳು. ಹೆಜ್ಜೆ ಹೆಜ್ಜೆ ಹಿಂದಕ್ಕೆ ನಡೆದು ದಡ ಸೇರಿದೆ, ಅವಳು ಮೆಲ್ಲಗೆ ಎದ್ದು ನನ್ನ ಹಿಂದೆಯೇ ಬಂದಳು. ಬುಟ್ಟಿ ಇಳಿಸಿ ನೋಡಿದರೆ ಏಳೆಂಟು ಮೊಟ್ಟೆ ಒಡೆದಿದ್ದವು. ಬೈಗುಳ ಗ್ಯಾರಂಟಿ ಎಂದು ತಲೆ ತಗ್ಗಿಸಿ ನಿಂತೆ. ಅವಳು ತನ್ನ ಕೈಯನ್ನೇ ನೋಡಿಕೊಳ್ಳುತ್ತಾ, ‘ನಾನು ಗಂಟೆ ಬಾರಿಸ್ಲೇ ಇಲ್ವೇನೋ. ದಿನಾ ಮಾಡೋ ಕೆಲಸ, ಕೈ ಮರೆತುಹೋಯ್ತೇನೋ. ತಪ್ಪಾಯ್ತಪ್ಪಾ’ ಎಂದಳು.

ತಮ್ಮಾ, ಆಕೆಯ ಮುಖದಲ್ಲಿ ನಿನ್ನ ಮುಖ ಇತ್ತು. ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು, ನನಗೆ ಬಸ್ಸೂ ಸಿಗುತ್ತಿತ್ತು. ‘ಬಾರಿಸಿದ್ರಿ ಅಮ್ಮಾ. ನನಗೆ ಕೇಳಿಸ್ತು. ಕೇಳಿಸಿಕೊಂಡೇ ಬಂದೆ’ ಎಂದೆ. ಅವಳು ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಎದ್ದು ನಿಂತಳು. ಆಮೇಲೆ ಬೈದಳು ನೋಡು, ನಮ್ಮಮ್ಮ ಕೂಡ ಹಾಗೆ ಬೈದಿರಲಿಲ್ಲ. ಮನೆಯಲ್ಲಿ ಇಬ್ಬರು ಮೊಮ್ಮಕ್ಕಳಿದ್ದಾರೆ, ನಿನ್ನ ಬಸ್ಸಿಗೆ ನನ್ನ ಜೀವ ಕೊಡಬೇಕಾ ಎಂದು ಕೇಳಿದಳು. ಬೈದು ಸುಸ್ತಾದಮೇಲೆ, ಒಡೆದ ಮೊಟ್ಟೆ ಒರೆಸಲು ನನ್ನ ಕೈಗೇ ಬಟ್ಟೆ ಕೊಟ್ಟಳು. ಇಬ್ಬರೂ ಕೂತು ಬುಟ್ಟಿ ಒರೆಸಿದೆವು. ಹೊರಡುವಾಗ ಮಾತ್ರ, ‘ಹೇಳಿದ್ದು ಒಳ್ಳೇದಾಯ್ತು. ಇಲ್ದಿದ್ರೆ ಇನ್ನು ಮೇಲೆ ಈ ಸೇತುವೆ ಮೇಲೆ ಕಾಲಿಡೋಕೇ ನಂಗೆ ಧೈರ್ಯ ಬರ್ತಿರ್ಲಿಲ್ಲ’ ಎಂದಳು. ಬಸ್ಸು ಸಿಕ್ಕೀತೋ ಇಲ್ಲವೋ ಎಂದು ಓಡಿಬಂದೆ. ಪುಣ್ಯಕ್ಕೆ ಬಸ್ಸಿನ ಟೈರು ಪಂಕ್ಚರ್ ಆಗಿದೆ, ಡ್ರೈವರು ಅದರ ಕೆಳಗೆ ಅಂಗಾತ ಬಿದ್ದಿದ್ದಾನೆ. ಒಂದು ಟೀ ತರಿಸಿಕೊಂಡು, ಮೊದಲು ಕಚೇರಿಗೆ ಬರೆಯಬೇಕಾದ ಒಂದು ಕಾಗದ ಬರೆದು, ಆಮೇಲೆ ನಿನಗೆ ಬರೆಯಲು ಕೂತೆ.

ಪುಟ್ಟಿಗೆ ಒಂದು ಬಿಳಿ ಬೆಣಚುಕಲ್ಲು ಇಟ್ಟುಕೊಂಡಿದ್ದೇನೆ, ಅವಳ ಕಿರುಬೆರಳಿನಷ್ಟಿದೆ. ನಿನ್ನ ಹೆಂಡತಿಗೆ ನನ್ನ ಆಶೀರ್ವಾದ, ಬಿಸಿನೀರು ಕುಡಿಯಲು ಹೇಳು. ನೀನು ಸುಖವಾಗಿರು, ಚೆನ್ನಾಗಿ ನಿದ್ದೆ ಮಾಡು.

ಇಂತಿ ನಿನ್ನ
ಅಣ್ಣ

ತಾ.ಕ.: ಡ್ರೈವರು ಹಾರ್ನ್ ಹೊಡೆಯುತ್ತಿದ್ದಾನೆ. ಸಹಿ ಹಾಕಿದರೂ ಹೇಳಬೇಕಾದ್ದು ಹೇಳಿಲ್ಲ ನೋಡು, ಎಂಥ ಹೇಡಿ ನಿನ್ನಣ್ಣ. ಅವತ್ತು ನಾನು ‘ಬಿಡ್ಲಾ?’ ಎಂದೆ. ನೀನು ‘ಬಿಡು’ ಅನ್ನಲಿಲ್ಲ. ‘ಇರಣ್ಣಾ’ ಎಂದೆ, ಗಟ್ಟಿಯಾಗಿ, ಎರಡು ಸಲ. ನನಗೆ ಕೇಳಿಸಿತು. ಕಟ್ಟಡದ ಮ್ಯಾನೇಜರು ಬಾಗಿಲಲ್ಲಿ ನಿಂತು ತಡವಾಯಿತೆಂದು ಗೊಣಗುತ್ತಿದ್ದ. ತಮ್ಮನ ನಿಧಾನ ಯಾವಾಗಲೂ ಇದ್ದದ್ದೇ, ಒಂದು ಗೇಣು ಇಳಿಸಿದರೆ ಏನಾದೀತು ಎಂದು ನಾನು ಒತ್ತಿದೆ. ನೀನು ಏನನ್ನೂ ಮರೆತಿರಲಿಲ್ಲ, ತಮ್ಮಾ. ನಿನ್ನ ತಪ್ಪು ಒಂದು ಎಳ್ಳಿನಷ್ಟೂ ಇರಲಿಲ್ಲ. ಕಚೇರಿಗೆ ಬರೆದಿರುವುದೂ ಇದೇ, ಅದನ್ನು ಆಗಲೇ ಗೇಟಿನ ಅಂಚೆಪೆಟ್ಟಿಗೆಗೆ ಹಾಕಿದ್ದೇನೆ. ಆದ್ದರಿಂದ ನನ್ನನ್ನು ಉಳಿಸಲೆಂದು ನೀನು ಈ ಕಾಗದ ಹರಿದುಹಾಕಿ ಪ್ರಯೋಜನವಿಲ್ಲ. ಹದಿನೆಂಟನೇ ತಾರೀಕು ಭಾನುವಾರ ಬೆಳಗ್ಗೆ ನಿನ್ನ ಮನೆಯ ಮೆಟ್ಟಿಲ ಮೇಲೆ ಕೂತಿರುತ್ತೇನೆ. ನೀನು ಬಾ ಅನ್ನುವವರೆಗೆ ಒಳಗೆ ಬರುವುದಿಲ್ಲ.