ಹದಿನಾಲ್ಕನೇ ಪಿಲ್ಲರ್

ಕ್ವಾಲಿಟಿ ಇಂಜಿನಿಯರ್ ಮೇಡಂ ಅವರಿಗೆ,

ಕಂಬಿ ಕಟ್ಟುವ ಮೇಸ್ತ್ರಿಯ ನಮಸ್ಕಾರ. ಮೊನ್ನೆ ಹದಿನಾಲ್ಕನೇ ಪಿಲ್ಲರಿಗೆ ಕಾಂಕ್ರೀಟ್ ಹಾಕುವ ಮೊದಲು ಕಂಬಿ ತಪಾಸಣೆಯ ಆ್ಯಪಿಗೆ ನಾನು ಕಳಿಸಿದ್ದು ಹದಿಮೂರನೇ ಪಿಲ್ಲರಿನ ಫೋಟೋ. ಹದಿನಾಲ್ಕಕ್ಕೆ ಆಗಲೇ ಸುತ್ತ ಹಲಗೆ ಬಡಿದಾಗಿತ್ತು, ಒಳಗಿನ ಕಂಬಿ ಕಾಣುತ್ತಿರಲಿಲ್ಲ; ಗೇಟಿನಲ್ಲಿ ಕಾಂಕ್ರೀಟ್ ಲಾರಿಯವನು ಬೊಬ್ಬೆ ಹೊಡೆಯುತ್ತಿದ್ದ. ಫೋನು ‘ಸರಿ ಇದೆ’ ಅಂತ ಹಸಿರು ಗುರುತು ತೋರಿಸಿತು, ಕಾಂಕ್ರೀಟ್ ಸುರಿದು ಎಲ್ಲರೂ ಊಟಕ್ಕೆ ಹೋದೆವು. ಒಳಗೆ ನಮ್ಮವರು ಕಂಬಿಯನ್ನು ಸರಿಯಾಗಿ ಕಟ್ಟಿದ್ದರೋ ಇಲ್ಲವೋ, ನಾನು ನೋಡಿಯೇ ಇಲ್ಲ.

ದಯವಿಟ್ಟು ಆ ಹಸಿರು ಗುರುತು ಅಳಿಸಿ, ಪಿಲ್ಲರ್ ಪರೀಕ್ಷೆ ಮಾಡಿಸಿ. ಒಡೆಯಬೇಕಾಗಿ ಬಂದರೆ ಸುತ್ತಿಗೆ ನಾನೇ ಹಿಡಿಯುತ್ತೇನೆ. ತಪ್ಪಿನ ಎದುರು ನನ್ನ ಹೆಸರನ್ನೇ ಹಾಕಿ, ಮುಲಾಜು ಬೇಡ.

ಇದನ್ನೆಲ್ಲ ಮನೆಯಲ್ಲೇ ಹೇಳಬಹುದಿತ್ತು. ಆದರೆ ಅಲ್ಲಿ ನೀನು ನನ್ನ ಮಗಳು. “ಬಿಡಪ್ಪಾ, ನಾನು ನೋಡ್ಕೋತೀನಿ” ಅಂದುಬಿಡ್ತೀಯ.

ಇಂತಿ,
ಕಂಬಿ ಮೇಸ್ತ್ರಿ