ಇಡ್ಲಿಗೆ ಮುಖ

ಆಗಸ್ಟ್ 12, ಮಂಗಳವಾರ. ಬೆಳಿಗ್ಗೆ 9

ಅಂಗಾರಕ ಸಂಕಷ್ಟಿ. ಚಂದ್ರ ಕಾಣುವವರೆಗೆ ನೀರು ಮಾತ್ರ. ಬೇಗ ಎದ್ದೆ. ನಳದ ನೀರು ತುಂಬಿಸಿದೆ, ದೇವರ ಪಾತ್ರೆ ಬೆಳಗಿದೆ, ಗರಿಕೆ ಆರಿಸಿದೆ. ಮಳೆ ನಿಂತಿಲ್ಲ.

ಅಡುಗೆಮನೆಗೆ ಹೋದರೆ — ಸೊಸೆ ಶೀತಲ್ ಮಗುವಿನ ಶಾಲೆಯ ಡಬ್ಬಿಯಲ್ಲಿ ಗಣಪತಿಯನ್ನು ಕೂರಿಸಿದ್ದಾಳೆ! ಇಡ್ಲಿಯ ಮುಖ, ಬೀಟ್‌ರೂಟ್ ಚಪಾತಿಯ ಕಿವಿ, ಕ್ಯಾರೆಟ್ಟಿನ ಸೊಂಡಿಲು, ಕರಿಮೆಣಸಿನ ಕಣ್ಣು. ಮೊನ್ನೆಯವರೆಗೆ ಬೆಕ್ಕು, ಗೂಬೆ, ರೈಲುಗಾಡಿ. ಸಹಿಸಿಕೊಂಡಿದ್ದೆ. ಪಾಲಕ್ ಕಂಡರೆ ಬಾಯಿ ಮುಚ್ಚುವ ಹುಡುಗಿ ಅದೇ ಗೂಬೆಯ ರೆಕ್ಕೆಯಾದರೆ ತಿನ್ನುತ್ತಾಳೆ, ನಿಜ. ತೂಕ ಕಮ್ಮಿ ಎಂದು ಡಾಕ್ಟರು ಹೆದರಿಸಿದ ಮೇಲೆ ಶೀತಲ್ ಹಿಡಿದ ದಾರಿ. ಆದರೆ ದೇವರನ್ನು?

ಮೊಮ್ಮಗಳು ವಿಜೇತಾ ಎಂದಿನಂತೆ ಹಿಂದಿ ಬೆರೆಸಿ ಕೇಳುತ್ತಾಳೆ, "ಅಜ್ಜೀ, ಪೆಹಲೇ ಸೊಂಡಿಲು ತಿನ್ನಲಾ, ಕಿವಿ ತಿನ್ನಲಾ?"

ಆರು ವರ್ಷದ ಮಗು. ಅವಳ ತಪ್ಪಲ್ಲ. ನನಗೆ ಮೈಯೆಲ್ಲ ಉರಿಯಿತು. ಡಬ್ಬಿ ಕಸಿದು ದೇವರ ಮುಂದಿಟ್ಟೆ.

"ಗಣಪತಿ ಬಪ್ಪಾನನ್ನು ಕಚ್ಚುತ್ತಾರಾ ಯಾರಾದರೂ? ಪಾಪ ಬರ್ತದೆ!"

"ಅಮ್ಮಾ, ಬಸ್ ಬಂತು. ಈಗ ಬೇರೆ ಏನು ಕೊಡ್ಲಿ?" ಶೀತಲ್ ಕೂಗಿದಳು.

"ಮುಖ ಇಲ್ಲದ್ದು ಏನಾದರೂ ಕೊಡು."

ಬಿಸ್ಕೆಟ್ ಪೊಟ್ಟಣ ತುರುಕಿ ಕಳಿಸಿದಳು. ನನ್ನನ್ನೇ ನೋಡಿಕೊಂಡು ತುರುಕಿದಳು, ಹಟಕ್ಕೆ.

ಆಗಸ್ಟ್ 13, ಬೆಳಿಗ್ಗೆ

ಸಿಟ್ಟು ಇಳಿದಿಲ್ಲ. ಯಾರ ಮೇಲೆ ಎಂದು ಮಾತ್ರ ಈಗ ಗೊತ್ತಾಗುತ್ತಿಲ್ಲ...

ನಿನ್ನೆ ಮಗು ಬಿಸ್ಕೆಟ್ ಬಿಡಿಸದೆಯೇ ವಾಪಸ್ ತಂದಳು. "ನಂದೂ ಉಪವಾಸ. ಬಪ್ಪಾಗೆ ಸಾರಿ ಹೇಳ್ಲಿಕ್ಕೆ." ಹಾಲು ಕೊಟ್ಟರೆ ಬೇಡ. ನನ್ನ ಪಕ್ಕ ಕಿಟಕಿಗೆ ಕೂತು ಚಂದ್ರನನ್ನು ಕಾದಳು. ಈ ಮೋಡದಲ್ಲಿ ಎಲ್ಲಿಯ ಚಂದ್ರ? ಪಂಚಾಂಗದ ಹೊತ್ತು ನೋಡಿ ಅರ್ಘ್ಯ ಬಿಟ್ಟೆ, ಆರತಿ ಎತ್ತಿದೆ, ಊಟಕ್ಕೆ ಕರೆದೆ.

"ಚಾಂದ್ ಎಲ್ಲಿ, ಅಜ್ಜಿ? ನೀನು ಝೂಟ್ ಹೇಳ್ತಿ."

ಹಾಗೇ ಗೋಡೆಗೆ ಒರಗಿ ನಿದ್ದೆ. ಎತ್ತಿದರೆ ಭಾರವೇ ಇಲ್ಲ. ನಾನು ಉಂಡೆ. ಉಪವಾಸ ಬಿಡಬೇಕಲ್ಲ — ಉಂಡೆ.

ಶೀತಲ್ ಕೂಗಾಡಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದಳು, "ಒಂದು ಕಿಲೋ ಏರಿಸ್ಲಿಕ್ಕೆ ನಾನು ಎಷ್ಟು ಗೂಬೆ ಮಾಡಿದೆ, ಗೊತ್ತುಂಟಾ ನಿಮಗೆ?"

ಆಗಸ್ಟ್ 15

ಮಗು ಮೊಸರನ್ನ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಮುಖ ಇರುವುದೆಲ್ಲ ಪಾಪವಂತೆ. ನಿನ್ನೆ ಚಪಾತಿಯ ಬೆಕ್ಕಿಗೂ ಕೈ ಮುಗಿದಳು.

ರಜೆ ಎಂದು ಶೀತಲ್ ಅವಳನ್ನು ವಿಲೆ ಪಾರ್ಲೆಗೆ, ತನ್ನ ತಾಯಿಯ ಮನೆಗೆ ಕರೆದುಕೊಂಡು ಹೊರಟಳು. ಚಪ್ಪಲಿ ಮೆಟ್ಟುತ್ತ, "ಇವಳು ತಿನ್ನಲಿಕ್ಕೆ ಶುರು ಮಾಡಿದ್ರೆ ಬರ್ತೇವೆ" ಎಂದಳು. ಮಗ ಧನರಾಜ್ ಕೊಡೆ ಹಿಡಿದು ಹಿಂದೆ. ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ದಿನವಿಡೀ ಮಾತು, ಮನೆಗೆ ಬಂದರೆ ಬಾಯಿಯೇ ಇಲ್ಲ ಅವನಿಗೆ.

ಹೋಗಲಿ! ಇಲ್ಲಿ ದಹಿಸರ್‌ನಲ್ಲಿ, ನಮ್ಮ ಮನೆಯಲ್ಲಿ ಅನ್ನ ಬೇಯುವುದಿಲ್ಲವಾ?

ಆಗಸ್ಟ್ 18, ಮಧ್ಯಾಹ್ನ

ಧನು ಬಂದಿದ್ದಾನೆ, ಒಬ್ಬನೇ. ಅಲ್ಲಿಯೂ ಬರೀ ಮೊಸರನ್ನವಂತೆ. ಮಗುವಿಗೆ ಫೋನ್ ಹಚ್ಚಿಕೊಟ್ಟ.

"ಅಜ್ಜಿ, ಬಪ್ಪಾಗೆ ಇನ್ನೂ ಗುಸ್ಸಾ ಉಂಟಾ?"

"ಇಲ್ಲ ಮಗಾ, ಅವನಿಗೆ ಸಿಟ್ಟಿಲ್ಲ."

"ಫಿರ್ ಯಾರಿಗೆ ಉಂಟು?"

ಫೋನ್ ಇಟ್ಟೆ. ದೇವರ ಮುಂದೆ ಕೂತು ಅವನನ್ನೂ ಬೈದೆ. ಸೊಂಡಿಲು ಕಚ್ಚಿದರೆ ನಿನಗೆ ನೋಯುತ್ತಿತ್ತಾ? ಕೂಸು ಅಲ್ಲವಾ ಅದು? ಮಾತಿಲ್ಲ. ಧನುವಿನ ಹಾಗೆಯೇ.

ಆಗಸ್ಟ್ 19, ಏಕಾದಶಿ. ಬೆಳಿಗ್ಗೆ 7

ಎರಡು ಇಡ್ಲಿ ಹಾಳು ಮಾಡಿದೆ. ಮೂರನೆಯದಕ್ಕೆ ಮುಖ ಬಂತು. ಹಿಟ್ಟಿಗೆ ಬೀಟ್‌ರೂಟ್ ಅರೆದು ಹಾಕಿದ್ದೆ. ಕೆಂಪಗಿದೆ — ಸಿಟ್ಟಿನ ಮುಖ, ಸರಿಯೇ. ತೆಂಗಿನ ತುರಿಯ ನರೆಗೂದಲು. ತೊಂಡೆಕಾಯಿ ಬಿಲ್ಲೆಯ ಕನ್ನಡಕ. ಬೀನ್ಸಿನ ಹುಬ್ಬು, ಗಂಟು ಹಾಕಿಸಿದೆ. ಕ್ಯಾರೆಟ್ಟಿನ ಕುಂಕುಮ. ಕೆಳಗೆ ಹರಿವೆ ಸೊಪ್ಪಿನ ಪಲ್ಯದ ಸೀರೆ. ಉಪವಾಸ, ಉಪ್ಪು ನೋಡುವ ಹಾಗಿಲ್ಲ. ಕೈ ಅಂದಾಜು.

ಧನು ನೋಡಿ ನಕ್ಕ. "ಅಮ್ಮಾ, ಇದು ನೀನೇ!"

"ನಗಬೇಡ. ಮಗುವಿಗೆ ಹೇಳು, ಇದು ದೇವರಲ್ಲ. ಗುಸ್ಸಾ ಇದ್ದದ್ದು ಇವಳಿಗೇ. ಹುಬ್ಬಿನಿಂದ ಶುರು ಮಾಡಲಿ, ಕನ್ನಡಕದಿಂದ ಮಾಡಲಿ. ಪಾಪ ಬರುವುದಿಲ್ಲ."

"ಶೀತಲ್ ಹತ್ತಿರ ಏನು ಹೇಳ್ಲಿ?"

"ಕಿವಿ ಇಡಲಿಕ್ಕೆ ನನಗೆ ಬರಲಿಲ್ಲ. ಅವಳೇ ಇಡಲಿ, ಎನ್ನು."

ಡಬ್ಬಿಯನ್ನು ವಿಲೆ ಪಾರ್ಲೆಗೆ ಹೊರಟವನ ಬ್ಯಾಗಿನಲ್ಲಿ ನೆಟ್ಟಗೆ ಕೂರಿಸಿದೆ. ಈ ಹೊತ್ತಿನ ಲೋಕಲ್ಲು, ನೂಕಾಟ — ನನ್ನ ಮುಖ ಏನಾಗುತ್ತದೋ. ಮೆಟ್ಟಿಲು ಇಳಿಯುವವನನ್ನು ಕೂಗಿ ಮತ್ತೆ ಹೇಳಿದೆ. ಧನು, ಸಂಜೆ ಅದೇ ಡಬ್ಬಿ ತಾ. ತೊಳೆಯಲಿಕ್ಕೆ ಬಿಡಬೇಡ, ದಾರಿಯಲ್ಲಿ ತೆರೆಯಬೇಡ. ಮಗು ಏನು ತಿಂದಳು, ಏನು ಬಿಟ್ಟಳು, ಅವಳ ಉತ್ತರ ಅದರಲ್ಲೇ ಇರುತ್ತದೆ, ಹಾಗೇ ತಂದು ನನ್ನ ಕೈಗೆ ಕೊಡು.